‘ಎಲ್ಲಾ ಸರಿ ಅದ’ ಅಂತ ಟಿಕ್ ಹಾಕೂ ಮುಂಚೆ

ನಮ್ಮ ಹೆಣ್ಣಮಕ್ಕಳ ಬಾಯಾಗ ಒಂದು ಮಾತು ಸದಾ ತಯಾರ ಇರ್ತದ ನೋಡ್ರಿ, “ಏನೂ ಆಗಿಲ್ಲ, ಆರಾಮ ಇದ್ದೀನಿ.” ಟೊಂಕ ಹಿಡಿದಿರ್ತದ, ಮೊಣಕಾಲು ಕಟಕಟ ಅಂತಿರ್ತದ, ಆದ್ರ ಯಾರರ ಕೇಳಿದ್ರ ಆರಾಮ. ಈ ಚಟ ನಮ್ಮ ತಲಿಮಾರಿಗೇ ಮುಗೀತು ಅಂತ ತಿಳಕೋಬ್ಯಾಡ್ರಿ. ಕಂಪ್ಯೂಟರ್ ಮುಂದ ಕೂತು ಕೆಲಸ ಮಾಡೂ ನಮ್ಮ ಹುಡುಗ್ಯಾರೂ ಅದನ್ನೇ ಹೇಳ್ತಾರ. ಫರಕ ಇಷ್ಟೇ, ನಾವು ಬಾಯಿಲೆ ಹೇಳ್ತೀವಿ, ಅವರು ಫಾರ್ಮಿನ್ಯಾಗ ಟಿಕ್ ಹಾಕಿ ಹೇಳ್ತಾರ.

ನನ್ನ ಮಗಳು ಇಂಗ್ಲಂಡಿನ ಲೆಸ್ಟರ್ ಊರಾಗ ಇರ್ತಾಳ. ವಾರದಾಗ ಮೂರು ದಿನ ಮನಿಯಿಂದನ ಆಫೀಸಿನ ಕೆಲಸ. ನಾ ಅಲ್ಲೆ ಹೋಗಿ ಮೂರು ತಿಂಗಳು ಇದ್ದಾಗ ಆಕಿ ಆ ಕೆಲಸಕ್ಕ ಸೇರಿ ಭಾಳ ದಿನ ಆಗಿದ್ದಿಲ್ಲ, ಇನ್ನೂ ಪ್ರೊಬೇಷನ್ ನಡದಿತ್ತು. ಒಂದಿನ ಆಫೀಸಿನಿಂದ ಒಂದು ಫಾರ್ಮ್ ಬಂತು. ನೀವು ಕೂತು ಕೆಲಸ ಮಾಡೂ ಜಾಗಾ ಹೆಂಗದ ಅಂತ ನೀವೇ ಪರೀಕ್ಷಾ ಮಾಡಿ ಬರೀರಿ ಅಂತ.

ಅಲ್ಲೆ ಇದಕ್ಕೊಂದು ಕಾನೂನು ಅದ. 1992ರಾಗ ಮಾಡಿದ್ದು, 1993ರ ಜನವರಿ 1ರಿಂದ ಜಾರಿಗೆ ಬಂತು. ದಿನಾ ಒಂದು ತಾಸು ಅಥವಾ ಅದಕ್ಕಿಂತ ಹೆಚ್ಚು ಹೊತ್ತು ಬಿಡದ ಕಂಪ್ಯೂಟರ್ ಮುಂದ ಕೂಡೋರಿದ್ರ, ಅವರ ಜಾಗಾದಾಗ ಏನು ತೊಂದ್ರಿ ಅದ ಅಂತ ಕಂಪನಿಯವರು ಪರೀಕ್ಷಾ ಮಾಡಿಸಬೇಕು, ತೊಂದ್ರಿ ಕಂಡ್ರ ಕಡಿಮಿ ಮಾಡಬೇಕು. ಮನಿಯಿಂದ ಕೆಲಸ ಮಾಡೋರಿಗೂ ಇದು ಲಾಗೂ ಆಗ್ತದ. ನೌಕರರು ಕೇಳಿದ್ರ ಕಣ್ಣಿನ ಪರೀಕ್ಷಾದ ಖರ್ಚೂ ಕಂಪನಿದ್ದೇ. ಎಲ್ಲಾರ ಮನಿಗೂ ಹೋಗಿ ನೋಡೂದು ಆಗೂ ಮಾತಲ್ಲ, ಅದಕ್ಕ ಭಾಳ ಕಡೆ ನೌಕರರ ಕೈಲೇ ಪ್ರಶ್ನಿಪಟ್ಟಿ ತುಂಬಿಸ್ತಾರ. ಅಲ್ಲಿಯ ಸರಕಾರಿ ಸಂಸ್ಥಾ ‘ಹೆಲ್ತ್ ಆ್ಯಂಡ್ ಸೇಫ್ಟಿ ಎಕ್ಸಿಕ್ಯುಟಿವ್’ ಅಂಥಾದೊಂದು ಪಟ್ಟಿ ಮಾಡಿಟ್ಟದ.

ನಾ ಕೊತ್ತಂಬರಿ ಸೋಸಿಗೋತ ಬಾಜೂಕ ಕೂತಿದ್ದೆ. ಮಗಳು ಪ್ರಶ್ನಿ ಓದಿ ಓದಿ ಟಕಾಟಕ್ ಟಿಕ್ ಹಾಕಲಿಕ್ಹತ್ತಿದ್ಲು. ಖುರ್ಚಿ ಎತ್ತರ ಹೆಚ್ಚುಕಡಿಮಿ ಆಗ್ತದೇನು? ಹೌದು. ಪಾದ ನೆಲಕ್ಕ ಊರ್ತಾವೇನು? ಹೌದು. ಟೊಂಕಕ್ಕ ಆಸರ ಅದ ಏನು? ಹೌದು.

“ಏ ಹುಡುಗಿ, ಊಟದ ಟೇಬಲ್ಲಿನ ಖುರ್ಚಿ ಯಾವಾಗ ಎತ್ತರ ಆಗ್ಲಿಕ್ಹತ್ತು? ನಿನ್ನ ಹಿಮ್ಮಡ ನೋಡು, ಗಾಳ್ಯಾಗ ತೂಗಾಡ್ಲಿಕ್ಹತ್ತ್ಯಾವ” ಅಂದೆ.

“ಅಮ್ಮಾ, ಇಲ್ಲ ಅಂತ ಬರದ್ರ ಮತ್ತ ನಾಕು ಪ್ರಶ್ನಿ ಕೇಳ್ತಾರ. ಮ್ಯಾಲ ನಾ ಹೊಸದಾಗಿ ಸೇರಿದಾಕಿ. ಬಂದ ಕೂಡ್ಲೆ ತಕರಾರು ಶುರು ಮಾಡಿದ್ಲು ಅಂತಾರ.”

ಹೊಸಾ ಸೊಸಿ ಸಾರಿಗೆ ಉಪ್ಪು ಕಡಿಮಿ ಆಗ್ಯದ ಅಂತ ಹೇಳ್ತಾಳೇನ್ರಿ? ಸುಮ್ಮನ ಉಣ್ತಾಳ. ಇದೂ ಅದೇ. ಆದ್ರ ಆಕಿ ರಾತ್ರಿ ನಿದ್ದಿಯಿಂದೆದ್ದು, ನೀರು ಝಾಡಿಸಿದಂಗ ಬಲಗೈ ಝಾಡಿಸೂದನ್ನ ನಾ ನೋಡಿದ್ದೆ. ಹೆಬ್ಬಟ್ಟು, ಅದರ ಬಾಜೂದ ಎರಡು ಬಟ್ಟು ಜೋಮು ಹಿಡೀತಿದ್ವು.

“ನಿನ್ನ ಕೈ ಜೋಮು ಹಿಡೀತದ ಅಂತ ಆಫೀಸಿನವರಿಗೆ ಕನಸು ಬೀಳ್ತದೇನು? ಅವರಾಗೇ ಕೇಳ್ಯಾರ, ಹೇಳು. ಇವತ್ತ ‘ಹೌದು’ ಅಂತ ಬರದ್ರ, ನಾಳೆ ಕೈ ಎತ್ತಲಿಕ್ಕೆ ಆಗದಿದ್ದಾಗ ಅದೇ ಕಾಗದ ನಿನಗ ತೋರಸ್ತಾರ” ಅಂದೆ.

ಸ್ವಲ್ಪ ಹೊತ್ತು ಸುಮ್ಮನ ಕೂತ್ಲು. ಆಮ್ಯಾಲ ಖುರ್ಚಿ, ಪಾದ, ಪರದೆಯ ಎತ್ತರ, ಮೌಸ್ ಇಡೂ ಜಾಗಾ, ಈ ನಾಲ್ಕಕ್ಕೂ ‘ಇಲ್ಲ’ ಅಂತ ತಿದ್ದಿ, ಕೆಳಗ ಕೈ ವಿಷಯಾನೂ ಬರದ್ಲು.

ಹತ್ತು ದಿನ ಯಾರೂ ಉತ್ತರ ಕೊಡಲಿಲ್ಲ. ಮತ್ತೊಮ್ಮೆ ಬರದ್ಲು. ಆಗ ಇದರ ತರಬೇತಿ ಆದ ಒಬ್ಬ ಹೆಣ್ಣಮಗಳು ವೀಡಿಯೋ ಕಾಲ್ ಮಾಡಿ, ಬಾಜೂದಿಂದ ಕೂತದ್ದು ತೋರಿಸು ಅಂದ್ಲು. ನೋಡಿದ ಕೂಡ್ಲೆ ಆಕಿ ಇನ್ನೊಂದು ಹಿಡದ್ಲು. ಬೆನ್ನಹಿಂದಿನ ಕಿಡಕಿ ಬೆಳಕು ಪರದೆ ಮ್ಯಾಲ ಬಿದ್ದು ಅಕ್ಷರ ಕಾಣದ, ಮಗಳು ಕುತ್ತಿಗಿ ಮುಂದ ಚಾಚಿ ಓದ್ತಿದ್ಲು. ಅದಕ್ಕ ಫಾರ್ಮಿನ್ಯಾಗ ‘ಸರಿ ಅದ’ ಅಂತಿತ್ತು! ರೂಢಿ ಆದ ತ್ರಾಸು ನಮಗ ತ್ರಾಸು ಅಂತ ಗೊತ್ತೇ ಆಗೂದಿಲ್ಲ ನೋಡ್ರಿ. ಅದಕ್ಕ ನಾವು ಬರದದ್ದನ್ನ ತಿಳದವರೊಬ್ಬರು ಓದಲೇಬೇಕು. ಓದದ ಫೈಲಿಗೆ ಹಾಕಿದ್ರ ಅದು ಬರೇ ಕಾಗದ.

ಲ್ಯಾಪ್‌ಟಾಪ್ ಇಡೂ ಸ್ಟ್ಯಾಂಡ್, ಬ್ಯಾರೆ ಕೀಬೋರ್ಡ್, ಮೌಸ್, ಕಾಲಿಡೂ ಮಣಿ ಮನಿಗೆ ಬಂದ್ವು. ಖುರ್ಚಿ ಮಾತ್ರ ನಾ ವಿಮಾನ ಹತ್ತೂ ತನಕ ಬರಲಿಲ್ಲ. ಡಾಕ್ಟರಿಗೂ ತೋರಿಸಿದ್ವಿ, ರಾತ್ರಿ ಕಟಗೊಳ್ಳಲಿಕ್ಕೆ ಮಣಿಕಟ್ಟಿನ ಪಟ್ಟಿ ಕೊಟ್ರು. ಜೋಮು ಪೂರ್ತಿ ಹೋಗಿಲ್ಲ, ಆದ್ರ ಈಗ ನಿದ್ದಿ ಮಾಡ್ತಾಳ. ತಕರಾರಿನಾಕಿ ಅಂತ ಯಾರೂ ಅನ್ನಲಿಲ್ಲ, ಕೆಲಸಾನೂ ಖಾಯಂ ಆತು.

ಹುಬ್ಬಳ್ಳಿ, ಬೆಂಗಳೂರು, ಪುಣೆ, ಎಲ್ಲೇ ಇರಲಿ, ಈಗ ಮನಿಯಿಂದ ಕೆಲಸ ಮಾಡೂ ಹುಡುಗ್ಯಾರು ಭಾಳ ಮಂದಿ ಇದ್ದಾರ. ನೀವು ನೋಡಬೇಕಾದ್ದು ಇಷ್ಟು:

ಪರದೆಯ ಮ್ಯಾಲಿನ ಅಂಚು ಕಣ್ಣಿನ ಮಟ್ಟಕ್ಕ ಇರಬೇಕು. ದಪ್ಪನ್ನ ಪುಸ್ತಕದ ಮ್ಯಾಲ ಲ್ಯಾಪ್‌ಟಾಪ್ ಇಟ್ರೂ ನಡೀತದ, ಆದ್ರ ಆಗ ಕೀಬೋರ್ಡ್ ಬ್ಯಾರೆ ಬೇಕೇ ಬೇಕು, ಇಲ್ಲಾಂದ್ರ ಭುಜ ಮ್ಯಾಲೆತ್ತಿ ಟೈಪ್ ಮಾಡಬೇಕಾಗ್ತದ.

ಟೈಪ್ ಮಾಡೂಮುಂದ ಮುಂಗೈ ಸುಮಾರು ನೆಲಕ್ಕ ಸಮನಾಗಿರಬೇಕು. ಮೌಸ್ ಹತ್ತರ ಇರಬೇಕು.

ಪಾದ ಊರಬೇಕು. ಊರದಿದ್ರ ಒಂದು ಮಣಿ ಕೊಡ್ರಿ.

ಎರಡು ತಾಸಿಗೊಮ್ಮೆ ಇಪ್ಪತ್ತು ನಿಮಿಷ ಏಳೂದಕ್ಕಿಂತ, ತಾಸಿಗೊಮ್ಮೆ 5-10 ನಿಮಿಷ ಏಳೂದು ಛಲೋ ಅಂತ ಆ ಸರಕಾರಿ ಸಂಸ್ಥಾನೇ ಹೇಳ್ತದ. ಅದಕ್ಕ ಹುಡುಗಿ ಚಹಾಕ್ಕ ಎದ್ದು ಬರ್ಲಿ, ನೀವು ಆಕಿ ಕೂತಲ್ಲೆ ತಗೊಂಡು ಹೋಗಬ್ಯಾಡ್ರಿ.

ಮನಿ ಬದಲಾದ್ರ, ಟೇಬಲ್ ಬದಲಾದ್ರ, ಬ್ಯಾನಿ ಶುರುವಾದ್ರ, ಒಮ್ಮೆ ತುಂಬಿದ್ದ ಫಾರ್ಮ್ ಮತ್ತ ತುಂಬಬೇಕು. ಬಸುರಿದ್ದಾಗಂತೂ ತಿಂಗಳಿಂದ ತಿಂಗಳಿಗೆ ಕೂಡೂ ರೀತಿನೇ ಬದಲಾಗ್ತದ.

ಆಫೀಸಿನಿಂದ ಫಾರ್ಮ್ ಬಂದಿದ್ರ ಖರೇ ಬರಿ ಅನ್ರಿ. ಬಂದಿರದಿದ್ರ ಈ ಪ್ರಶ್ನಿ ನೀವೇ ಕೇಳ್ರಿ. ಹುಡುಗಿ “ಎಲ್ಲಾ ಸರಿ ಅದ” ಅಂದ್ರ ಅಷ್ಟಕ್ಕ ಬಿಡಬ್ಯಾಡ್ರಿ, ಬಗ್ಗಿ ಟೇಬಲ್ಲಿನ ಕೆಳಗ ಪಾದ ನೋಡ್ರಿ.