ಮಣ್ಣಿನ ಮನೆಗಳ ಊರು ಹೊಸ ಗುರ್ನಾ

ಈಜಿಪ್ಟಿನ ಲಕ್ಸರ್ ಪಟ್ಟಣದಲ್ಲಿ ದೋಣಿ ಹತ್ತಿ ನೈಲ್ ನದಿಯನ್ನು ದಾಟಿ, ಮೆಮ್ನಾನ್‌ನ ದೈತ್ಯ ಪ್ರತಿಮೆಗಳತ್ತ ಹೋಗುವ ರಸ್ತೆ ಹಿಡಿದರೆ ದಾರಿಯಲ್ಲೊಂದು ಹಳ್ಳಿ ಸಿಗುತ್ತದೆ. ಫರೋಹರ ಗೋರಿಗಳನ್ನು ನೋಡುವ ಆತುರದ ಪ್ರವಾಸಿಗರು ಇಲ್ಲಿ ಇಳಿಯುವುದು ಕಡಿಮೆ. ಆದರೆ ಸ್ವಂತ ಮನೆಯ ಕನಸು ಕಾಣುವ ಗೃಹಿಣಿಗೆ ಆ ಗೋರಿಗಳಿಗಿಂತ ಈ ಊರೇ ಮುಖ್ಯ. ಇದು ಹೊಸ ಗುರ್ನಾ.

ಹಳೆಯ ಗುರ್ನಾ ಗುಡ್ಡದ ಮೇಲೆ, ಪುರಾತನ ಗೋರಿಗಳ ನಡುವೆಯೇ ಇತ್ತು. ಗೋರಿಗಳೇ ಅಲ್ಲಿನ ಎಷ್ಟೋ ಮಂದಿಯ ಹೊಟ್ಟೆಪಾಡು. ಒಮ್ಮೆ ಗೋರಿಯೊಂದರ ಕಲ್ಲಿನ ಕೆತ್ತನೆಯೇ ಕಳವಾದಾಗ ಸರಕಾರ ಇಡೀ ಊರನ್ನು ಕೆಳಗಿನ ಬಯಲಿಗೆ ಸ್ಥಳಾಂತರಿಸಲು ನಿರ್ಧರಿಸಿತು. ಸುಮಾರು 900 ಕುಟುಂಬಗಳು, 7,000 ಜನ. 1945ರಲ್ಲಿ ಆ ಹೊಣೆ ವಾಸ್ತುಶಿಲ್ಪಿ ಹಸನ್ ಫತ್‌ಹಿಯವರ ಹೆಗಲಿಗೇರಿತು.

ಕಬ್ಬಿಣ, ಮರ ಎರಡೂ ದುಬಾರಿಯಾಗಿದ್ದ ಕಾಲ. ಫತ್‌ಹಿ ಮಣ್ಣಿಗೆ ಹುಲ್ಲು ಬೆರೆಸಿ, ಬಿಸಿಲಲ್ಲಿ ಒಣಗಿಸಿದ ಇಟ್ಟಿಗೆಯನ್ನು ಆರಿಸಿಕೊಂಡರು. ಗೋಡೆಯೇನೋ ಸರಿ, ಮಾಡಿಗೇನು ಮಾಡುವುದು? ಉತ್ತರ ಅಸ್ವಾನ್ ಕಡೆಯ ನೂಬಿಯಾದ ಮೇಸ್ತ್ರಿಗಳ ಕೈಯಲ್ಲಿತ್ತು. ಅವರು ಹಿಂದಿನ ಗೋಡೆಗೆ ಮೊದಲ ಸಾಲಿನ ಇಟ್ಟಿಗೆಗಳನ್ನು ತುಸು ಓರೆಯಾಗಿ ಒರಗಿಸಿ, ಹಸಿ ಮಣ್ಣಿನಿಂದ ಒಂದರ ಮೇಲೊಂದು ಕಮಾನನ್ನು ಅಂಟಿಸುತ್ತಾ ಬರುತ್ತಿದ್ದರು. ಕೆಳಗೆ ಒಂದೇ ಒಂದು ಮರದ ಆಧಾರವಿಲ್ಲ! ನಮ್ಮಲ್ಲಿ ಸೆಂಟ್ರಿಂಗ್‌ಗೆ ಸುರಿಯುವ ಹಣವನ್ನು ನೆನೆದರೆ ಹೊಟ್ಟೆ ಉರಿಯುತ್ತದೆ.

ದಪ್ಪ ಗೋಡೆಗಳು ಹಗಲಿನ ಬೇಗೆಯನ್ನು ಬೇಗನೆ ಒಳಗೆ ಬಿಡುವುದಿಲ್ಲ. ನಡುವಿನ ಅಂಗಳದಲ್ಲಿ ರಾತ್ರಿಯ ತಂಪು ಬೆಳಗಿನ ಎಷ್ಟೋ ಹೊತ್ತು ಉಳಿಯುತ್ತದೆ. ಬೀದಿಯ ಕಣ್ಣಿಗೆ ಆ ಅಂಗಳ ಬೀಳುವುದಿಲ್ಲ. ಹೆಣ್ಣುಮಕ್ಕಳು ಆಕಾಶದ ಕೆಳಗೇ ನಿರಾಳವಾಗಿ ರೊಟ್ಟಿ ಸುಡಬಹುದು, ಮಕ್ಕಳನ್ನು ಆಡಲು ಬಿಡಬಹುದು. ದನಕರುಗಳಿಗೂ ಜಾಗ ಉಂಟು. ಎಲ್ಲರಿಗೂ ಒಂದೇ ಅಚ್ಚಿನ ಮನೆ ಬೇಡವೆಂಬುದು ಫತ್‌ಹಿಯವರ ಹಟವಾಗಿತ್ತು.

ಆದರೆ ಒಂದು ಕೊರತೆ ಉಳಿಯಿತು. ಅವರು ಮಾತನಾಡಿದ್ದು ಗಂಡಸರೊಂದಿಗೆ. ಹೆಂಗಸರನ್ನು ಕೇಳಲು ಊರಿನ ಪದ್ಧತಿ ಬಿಡಲಿಲ್ಲವೆಂದು ಅವರೇ 1969ರಲ್ಲಿ ಪ್ರಕಟವಾದ ತಮ್ಮ ಪುಸ್ತಕದಲ್ಲಿ ಕೊರಗಿದ್ದಾರೆ. ನೀರಿನ ವಿಷಯವನ್ನೇ ನೋಡಿ. ಮನೆಯೊಳಗೇ ನಲ್ಲಿ ಬಂದರೆ ಹೆಣ್ಣುಮಕ್ಕಳು ಹೊರಗೆ ಬಂದು ಒಬ್ಬರನ್ನೊಬ್ಬರು ಕಾಣುವ ಅವಕಾಶ ತಪ್ಪುತ್ತದೆಂದು ಅವರು ಚಿಂತಿಸಿದರು. ಒಳ್ಳೆಯ ಮನಸ್ಸಿನ ಚಿಂತೆಯೇ. ಆದರೂ ಕೊಡ ಹೊತ್ತು ಸೊಂಟ ನೋಯಿಸಿಕೊಂಡವಳನ್ನು ಕೇಳಿದ್ದರೆ ಅವಳು ಏನೆನ್ನುತ್ತಿದ್ದಳೋ!

1948ರ ಹೊತ್ತಿಗೆ ಕೆಲಸ ನಿಂತಾಗ ಎದ್ದದ್ದು ಐದರಲ್ಲೊಂದು ಪಾಲು ಮಾತ್ರ. ಗುಡ್ಡದವರಲ್ಲಿ ಹೆಚ್ಚಿನವರು ಇಳಿದು ಬರಲಿಲ್ಲ. ಅನ್ನದ ದಾರಿ ಮೇಲಿತ್ತು. ಕೆಳಗೆ ಬಂದರೆ ಏನು ಮಾಡಿ ಉಣ್ಣುವುದು? ಗುಂಬಜಿನ ಮಾಡು ಗೋರಿಗಳಿಗೆ ಸರಿ, ಮನೆಗಲ್ಲ ಎಂಬ ಅಳುಕೂ ಇತ್ತೆನ್ನುತ್ತಾರೆ. ಕೊನೆಗೆ 2006ರಿಂದ ಗುಡ್ಡದ ಮನೆಗಳನ್ನು ಕೆಡವಿ ಅವರನ್ನು ಬೇರೆ ಕಡೆಗೆ ಸಾಗಿಸಲಾಯಿತು.

ಹೊಸ ಗುರ್ನಾದಲ್ಲಿ ನೆಲೆಸಿದವರ ಸಂಸಾರಗಳು ಬೆಳೆದವು. ಮಗನಿಗೆ ಮದುವೆಯಾದರೆ ಮೇಲೊಂದು ಕೋಣೆ ಬೇಕು. ಗುಂಬಜಿನ ಮೇಲೆ ಮಹಡಿ ಕಟ್ಟುವುದು ಹೇಗೆ? ನೆಲದಿಂದ ಏರುವ ತೇವ, ಉಪ್ಪು ಬೇರೆ ಗೋಡೆಗಳನ್ನು ತಿಂದವು. ಹಲವು ಮನೆಗಳು ಉರುಳಿ ಅಲ್ಲಿ ಕಾಂಕ್ರೀಟ್ ಎದ್ದಿತು. 2010ರಲ್ಲಿ ವಿಶ್ವ ಸ್ಮಾರಕ ನಿಧಿ ಈ ಊರನ್ನು ಅಪಾಯದಲ್ಲಿರುವ ತಾಣಗಳ ಪಟ್ಟಿಗೆ ಸೇರಿಸಿತು.

ಫತ್‌ಹಿ ಕಟ್ಟಿದ ಮಣ್ಣಿನ ಮಸೀದಿ ಮಾತ್ರ ಗಟ್ಟಿಯಾಗಿ ನಿಂತಿದೆ. ಅದರ ಮಿನಾರಕ್ಕೆ ಹೊರಗಿನಿಂದಲೇ ನೇರವಾಗಿ ಏರುವ ಮೆಟ್ಟಿಲುಗಳಿವೆ.