ಎರಡು ಸೆನ್ಸರ್, ಒಂದು ಜಗಳ

ಚಾರ್ಮಾಡಿ ಘಾಟಿ ಹತ್ತುವಾಗ, ಸರಿಯಾಗಿ ಒಂದು ತಿರುವಿನಲ್ಲಿ ಕಾರು ಮುಷ್ಕರ ಹೂಡಿತು. ಆಕ್ಸಿಲರೇಟರ್ ನೆಲಕ್ಕೆ ತಾಗುವಷ್ಟು ತುಳಿದರೂ ಎಂಜಿನ್ ಕ್ಯಾರೇ ಅನ್ನಲಿಲ್ಲ. ಎದುರಿಗೆ ಹಳದಿ ದೀಪ, ಹಿಂದೆ ಹಾರ್ನ್ ಹೊಡೆಯುವ ಬಸ್ಸು, ಸುತ್ತ ಮಂಜು. ಪಕ್ಕದಲ್ಲಿದ್ದ ಅಪ್ಪ, "ಕೇಬಲ್ ಕಟ್ಟಾಯ್ತೇನೋ ಮಾರಾಯ?" ಅಂದ್ರು. "ಇದಕ್ಕೆ ಕೇಬಲ್ಲೇ ಇಲ್ಲಪ್ಪಾ!" ಅಂತ ರೇಗಿಬಿಟ್ಟೆ.

ರೇಗಲು ಕಾರಣ ಇತ್ತು. ತಿಂಗಳ ಹಿಂದಷ್ಟೇ ಇದೇ ಕಾಯಿಲೆಗೆ ಒಂದು ಗ್ಯಾರೇಜಿನಲ್ಲಿ ಇಡೀ ಪೆಡಲ್ಲನ್ನೇ ಬದಲಿಸಿದ್ದೆ.

ಈಗಿನ ಕಾರುಗಳಲ್ಲಿ ಪೆಡಲ್ಲಿನೊಳಗೆ ಎರಡು ಸೆನ್ಸರ್ ಇರ್ತಾವೆ. ನನ್ನ ಕಾರಿನಲ್ಲಿ ಒಂದರ ವೋಲ್ಟೇಜು ಯಾವಾಗಲೂ ಇನ್ನೊಂದರ ಅರ್ಧ ಇರಬೇಕು. ಇಬ್ಬರ ಮಾತು ತಾಳೆಯಾಗದಿದ್ದರೆ ಕಂಪ್ಯೂಟರು ಯಾರನ್ನೂ ನಂಬದೆ ಎಂಜಿನ್ನಿನ ಶಕ್ತಿ ಕಡಿತ ಮಾಡುತ್ತೆ. ಕಾರು ತಾನಾಗಿ ನುಗ್ಗದಿರಲಿ ಅಂತ. ಸ್ಕ್ಯಾನರ್ ಹಾಕಿದರೆ ಪಿ2138 ಅನ್ನೋ ಕೋಡ್. ಗ್ಯಾರೇಜಿನವರು ಅದನ್ನು 'ಪೆಡಲ್ ಹೋಗಿದೆ' ಅಂತ ಓದಿದ್ದರು. ಆದರೆ ಕೋಡ್ ಹೇಳೋದು ಇಬ್ಬರಿಗೂ ಜಗಳ ಅಂತ ಮಾತ್ರ. ತಪ್ಪು ಯಾರದ್ದು ಅಂತಲ್ಲ.

ಕಾರು ಆಫ್ ಮಾಡಿ ಆನ್ ಮಾಡಿದೆ. ಸ್ವಲ್ಪ ದೂರ ಓಡ್ತು, ಮತ್ತೆ ಸುಸ್ತು. ಹೀಗೇ ಕುಂಟುತ್ತಾ ಕೊಟ್ಟಿಗೆಹಾರ ದಾಟಿ ಮೂಡಿಗೆರೆ ಸೇರಿದೆವು. ಅಲ್ಲೊಬ್ಬರು ಆಟೋ ಎಲೆಕ್ಟ್ರಿಷಿಯನ್ ಸಿಕ್ಕರು. ಪೆಡಲ್ಲನ್ನು ಮುಟ್ಟಲೇ ಇಲ್ಲ ಪುಣ್ಯಾತ್ಮ! ಕನೆಕ್ಟರ್ ಹಿಂದಿನ ಆರು ವೈರುಗಳಲ್ಲಿ ಎರಡನೇ ಸೆನ್ಸರಿನ ಅರ್ಥ್ ಹುಡುಕಿ, ಅದಕ್ಕೂ ಬ್ಯಾಟರಿ ನೆಗೆಟಿವ್‌ಗೂ ಮೀಟರ್ ಹಿಡಿದರು. ಹೆಚ್ಚುಕಮ್ಮಿ ಸೊನ್ನೆ. "ಈಗ ನೋಡಿ ಸಾರ್" ಅಂತ ವೈರು ಅಲ್ಲಾಡಿಸಿದರು. ಮುಳ್ಳು ಅರ್ಧ ವೋಲ್ಟಿನ ಹತ್ತಿರ ಜಿಗಿಯಿತು! ಅರ್ಥ್ ಸಡಿಲವಾದಾಗ ಆ ಸೆನ್ಸರ್ ಇಲ್ಲದ ವೋಲ್ಟೇಜು ತೋರಿಸ್ತಿತ್ತು. ಬಿಚ್ಚಿದರೆ ವೈರಿನ ಕಡೆಯ ಪಿನ್ನಿಗೆ ಹಸಿರು ಕಿಲುಬು. ಮಳೆಗಾಲದ ನೀರು ಒಳಗಿಳಿದಿತ್ತು.

ಹಾಗಾದ್ರೆ ಹೊಸ ಪೆಡಲ್ ಒಂದು ತಿಂಗಳು ಹೇಗೆ ನಡೀತು? ಕೇಳಿದೆ. "ಕನೆಕ್ಟರ್ ಬಿಚ್ಚಿ ಹಾಕಿದ್ರಲ್ಲ, ಪಿನ್ನು ಉಜ್ಜಿ ಸ್ವಲ್ಪ ಕ್ಲೀನಾಗಿರುತ್ತೆ" ಅಂದ್ರು. ಅಂದರೆ ನಾನು ದುಡ್ಡು ಕೊಟ್ಟಿದ್ದು ಪಿನ್ನು ಉಜ್ಜಿಸೋಕೆ!

ಪಿನ್ ಬದಲಿಸಿದ ಮೇಲೂ ವೈರು ಅಲ್ಲಾಡಿಸಿ ಮೀಟರ್ ನೋಡಿದರು. ಮುಳ್ಳು ಕದಲಲಿಲ್ಲ. ಬೆಂಚಿನ ಮೇಲೆ ಚಹಾ ಕುಡೀತಿದ್ದ ಅಪ್ಪ ಕೇಳಿದ್ರು, "ಹಾಗಾದ್ರೆ ವೈರೇ ಅಲ್ವನೋ?"

ಹೌದಪ್ಪ, ವೈರೇ.

ಹಳೇ ಪೆಡಲ್ ಅಟ್ಟದ ಮೇಲಿದೆ. ಏನೂ ಆಗಿಲ್ಲ ಅದಕ್ಕೆ. ಯಾರಿಗಾದ್ರೂ ಬೇಕಿದ್ರೆ ಹೇಳಿ :)