ಸ್ಥಾನವೂ ನಾಮವೂ

ವ್ಯಾಕರಣ, ಛಂದಸ್ಸು, ಅಲಂಕಾರಗಳ ಹೊರಗೆ ಯಾವ ಶಾಸ್ತ್ರದಲ್ಲಿಯೂ ಪ್ರವೇಶವಿಲ್ಲದ ನಾನು ಗಣಕಯಂತ್ರದ ಒಂದು ಸಂಗತಿಯನ್ನು ಕುರಿತು ಬರೆಯಹೊರಟಿರುವುದು ಸಹೋದ್ಯೋಗಿ ಮಿತ್ರರಿಗೆ ವಿನೋದವೆನಿಸಬಹುದು. ಸಂಪಾದಕ ಮಂಡಳಿಯವರು ಎಂದಿನಂತೆ ವಚನಸಾಹಿತ್ಯವನ್ನು ಕುರಿತು ಬರೆದುಕೊಡಿರೆಂದು ಕೇಳಿದ್ದರು. ಆದರೆ ನಮ್ಮ ಶಾಲೆಯ ದತ್ತಿಪಟ್ಟಿಯಲ್ಲಿ ನನ್ನಿಂದಾದ ಒಂದು ಪ್ರಮಾದವನ್ನು, ದಾನಿಗಳೂ ಹಳೆಯ ವಿದ್ಯಾರ್ಥಿಗಳೂ ಓದುವ ಈ ಪುಟಗಳಲ್ಲಿಯೇ ನಿವೇದಿಸಿಕೊಳ್ಳುವುದು ಉಚಿತವೆಂದು ತೋರಿದುದರಿಂದ ಈ ದಾರಿ ಹಿಡಿದಿದ್ದೇನೆ.

ಶ್ರೀಮಠದ ಶಾಲೆಗೆ ಬಂದಿರುವ ದತ್ತಿಗಳಲ್ಲಿ ಬಹುಪಾಲು ಲಿಂಗೈಕ್ಯರಾದ ಯಾರಾದರೊಬ್ಬರ ಸ್ಮರಣಾರ್ಥ ಇಟ್ಟವು. ಮೂಲಧನದ ಬಡ್ಡಿಯಿಂದ ಪ್ರತಿವರ್ಷ ಬಹುಮಾನ ಕೊಡುವುದು ವಾಡಿಕೆ. ಅಕ್ಷರ ದುಂಡಗಿವೆಯೆಂಬ ಒಂದೇ ಅರ್ಹತೆಯ ಮೇಲೆ ದತ್ತಿಯ ವಹಿ ನನ್ನ ಪಾಲಿಗೆ ಬಂದಿತ್ತು. ವಹಿಗಳು ಎರಡು. ಹಳೆಯದರಲ್ಲಿ ಮೊದಲು ಯಾರ ಸ್ಮರಣೆ, ಅನಂತರ ದಾನಿಯ ಹೆಸರು, ಊರು, ವರ್ಷ, ಮೊತ್ತ. ಹೊಸದರಲ್ಲಿ ಮೊದಲು ದಾನಿ, ಅನಂತರ ಸ್ಮರಣೆ, ಉಳಿದುದೆಲ್ಲ ಹಳೆಯಂತೆಯೇ. ಈ ವ್ಯತ್ಯಾಸ ನನಗೆ ಗೊತ್ತಿತ್ತು. ಗೊತ್ತಿದ್ದುದರಿಂದಲೇ ಯಾರಿಗೂ ಹೇಳಬೇಕೆನಿಸಲಿಲ್ಲ.

೨೦೧೬ರ ವಾರ್ಷಿಕೋತ್ಸವಕ್ಕೆ ಪ್ರಶಸ್ತಿಪತ್ರಗಳನ್ನು ಗಣಕದಲ್ಲಿಯೇ ಮುದ್ರಿಸುವುದೆಂದಾಯಿತು. ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ನನ್ನ ಶಿಷ್ಯನೊಬ್ಬ ರಜೆಯಲ್ಲಿ ಬಂದು ಕುಳಿತ. ನಾನು ವಹಿಯನ್ನು ಎಡದಿಂದ ಬಲಕ್ಕೆ ಓದುತ್ತ ಹೋದೆ, ಅವನು ಬೆರಳಚ್ಚಿಸುತ್ತ ಹೋದ. ಒಂದು ವಹಿ ಮುಗಿದು ಇನ್ನೊಂದನ್ನು ಕೈಗೆತ್ತಿಕೊಂಡಾಗಲೂ ಅದೇ ಲಹರಿಯಲ್ಲಿ ಓದಿದೆ.

ಉತ್ಸವದ ದಿನ ಧ್ವನಿವರ್ಧಕದ ಮುಂದೆ ನಿಂತು ಪತ್ರಗಳನ್ನು ಓದಿದವನೂ ನಾನೇ. ಒಂದು ಪತ್ರದಲ್ಲಿ ‘ಲಿಂಗೈಕ್ಯ’ ಎಂಬ ಪದದ ಮುಂದೆ ಓದಿದ ಹೆಸರಿನ ತಾಯಿ ಮೊದಲ ಸಾಲಿನಲ್ಲಿ ಕುಳಿತಿದ್ದರು. ದಾನಿಯೆಂದು ಓದಿದ ಹೆಸರು ೧೯೯೪ರಲ್ಲಿ, ಹತ್ತನೆಯ ತರಗತಿಯಲ್ಲಿದ್ದಾಗಲೇ ತೀರಿಕೊಂಡ ಅವರ ಮಗನದು. ಬಾಯಿಂದ ಮಾತು ಹೊರಟ ಮೇಲೆ ನನಗೆ ಅದರ ಅರ್ಥವಾಯಿತು. ಸಭೆ ಮುಗಿದ ಮೇಲೆ ಕೈಮುಗಿದು ಅವರ ಮುಂದೆ ನಿಂತೆ. ಅವರು ಹೇಳಿದ್ದು ಇಷ್ಟೇ: “ಇರ್ಲಿ ಬಿಡ್ರಿ ಗುರುಗಳ, ನೀವು ಓದಿದ್ದ ಖರೇ ಆಗಬೇಕಿತ್ತು. ಅವ ಉಳದು ನಾ ಹೋಗಿದ್ರ ಛಲೋ ಇತ್ತು.”

ಆ ದೀಪಾವಳಿಗೆ ಶಿಷ್ಯ ಮತ್ತೆ ಬಂದ. ತಪ್ಪಿನ ಅರ್ಧಭಾಗವನ್ನು ತನ್ನ ಮೇಲೆ ಹಾಕಿಕೊಂಡು ಕಾರಣವನ್ನು ವಿವರಿಸಿದ. ಅವನು ಬಳಸಿದ್ದು ಪೈಥಾನ್ ಎಂಬ ಗಣಕಭಾಷೆ. ನೆದರ್ಲೆಂಡ್ಸಿನ ಗೀಡೋ ವಾನ್ ರಾಸಮ್ ಎಂಬವರು ೧೯೯೧ರಲ್ಲಿ ಅದನ್ನು ಲೋಕದ ಮುಂದಿಟ್ಟರು. ಹೆಸರು ಹಾವಿನದಲ್ಲ, ಆಂಗ್ಲರ ಹಾಸ್ಯ ತಂಡವೊಂದರ ಕಾರ್ಯಕ್ರಮದಿಂದ ಬಂದುದಂತೆ. ಅದರಲ್ಲಿ ಟ್ಯೂಪಲ್ ಎಂಬ ಒಂದು ರಚನೆಯಿದೆ. ಗಣಿತದ ಪಠ್ಯದಲ್ಲಿ ಕ್ರಮಯುಗ್ಮವೆಂದು ಬರುತ್ತದಷ್ಟೆ, ಅದೇ ಕುಲದ್ದು. ಎರಡಕ್ಕೆ ಬದಲಾಗಿ ಎಷ್ಟು ಪದಗಳನ್ನಾದರೂ ಹೀಗೆ ಕ್ರಮವಾಗಿ ಕಟ್ಟಿಡಬಹುದು. ಒಳಗಿನ ಪದಕ್ಕೆ ಹೆಸರಿಲ್ಲ, ಸ್ಥಾನ ಮಾತ್ರ. ಅದೂ ಎಣಿಕೆ ಸೊನ್ನೆಯಿಂದ ಮೊದಲು: ನಮ್ಮ ಎರಡನೆಯದು ಅದಕ್ಕೆ ಒಂದನೆಯದು! ‘ಒಂದನೆಯ ಸ್ಥಾನದಲ್ಲಿರುವ ಹೆಸರಿನ ಹಿಂದೆ ಲಿಂಗೈಕ್ಯ ಎಂದು ಹಾಕು’ ಎಂದು ಅವನು ಯಂತ್ರಕ್ಕೆ ಆಜ್ಞೆಯಿತ್ತಿದ್ದ. ಅದು ಆಜ್ಞೆಯನ್ನು ಅಕ್ಷರಶಃ ಪಾಲಿಸಿತು.

ಸ್ಥಾನವನ್ನು ನಂಬುವುದು ಹೀನವೆಂದು ವೈಯಾಕರಣನಾದ ನಾನು ಹೇಳಲಾರೆ. ನಾವು ಮಕ್ಕಳಿಗೆ ಕಲಿಸುವ ಯಣ್ ಸಂಧಿಯೇ ಸ್ಥಾನದ ಬಲದಿಂದ ನಿಂತಿದೆ. ಇ, ಉ, ಋಗಳಿಗೆ ಯ, ವ, ರಗಳು ಆದೇಶವಾಗಿ ಬರುವಾಗ ಮೊದಲನೆಯದಕ್ಕೆ ಮೊದಲನೆಯದು, ಎರಡನೆಯದಕ್ಕೆ ಎರಡನೆಯದು ಎಂದೇ ಹೊಂದಿಸಿಕೊಳ್ಳುತ್ತೇವೆ. ಸಮಸಂಖ್ಯೆಯ ಪಟ್ಟಿಗಳನ್ನು ಕ್ರಮದಿಂದ ಹೊಂದಿಸಬೇಕೆಂದು ಪಾಣಿನಿ ಪ್ರತ್ಯೇಕವಾಗಿ ಒಂದು ಸೂತ್ರವನ್ನೇ ಮಾಡಿದ್ದಾನೆ. ಆಲಂಕಾರಿಕರ ಯಥಾಸಂಖ್ಯವೂ ಇದೇ. ಆದರೆ ಅಲ್ಲಿ ಎರಡು ಪಟ್ಟಿಗಳೂ ಕಣ್ಣೆದುರಿಗಿರುತ್ತವೆ, ಕ್ರಮ ತಪ್ಪಿದರೆ ಕಿವಿಯೇ ಹೇಳುತ್ತದೆ. ದತ್ತಿಪಟ್ಟಿಯ ಎರಡು ವ್ಯಕ್ತಿನಾಮಗಳು ಅದಲುಬದಲಾದರೆ ಹೇಳುವವರು ಯಾರು?

ಇದಕ್ಕೆ ಪರಿಹಾರವಾಗಿ ೨೦೦೮ರಲ್ಲಿ ಬಂದ ಪೈಥಾನಿನ ೨.೬ನೆಯ ಆವೃತ್ತಿಯಲ್ಲಿ ನೇಮ್ಡ್ ಟ್ಯೂಪಲ್ ಎಂಬುದನ್ನು ಸೇರಿಸಿದ್ದಾರೆ. ರೇಮಂಡ್ ಹೆಟಿಂಜರ್ ಎಂಬವರ ರಚನೆ. ಟ್ಯೂಪಲ್ಲಿನ ಪ್ರತಿ ಮನೆಗೂ ಒಂದು ಹೆಸರು. ‘ಒಂದನೆಯದನ್ನು ತಾ’ ಎನ್ನುವ ಬದಲು ‘ಸ್ಮರಣೆಯನ್ನು ತಾ’ ಎನ್ನಬಹುದು. ಬೇಕೆಂದವರಿಗೆ ಸಂಖ್ಯೆಯಿಂದ ಕರೆಯುವ ಹಳೆಯ ದಾರಿಯೂ ತೆರೆದಿದೆ. ಮನೆಗಳ ಹೆಸರುಗಳನ್ನು ಪ್ರತಿಯೊಂದು ದಾಖಲೆಯಲ್ಲಿಯೂ ಹೊರಬೇಕಾಗಿಲ್ಲ, ವಹಿಯ ತಲೆಬರಹದಂತೆ ಒಂದೇ ಕಡೆ ಇರುತ್ತವೆ. ಆದ್ದರಿಂದ ಯಂತ್ರದ ನೆನಪಿಗೆ ಬರಿಯ ಟ್ಯೂಪಲ್ಲಿಗಿಂತ ಹೆಚ್ಚಿನ ಭಾರವಿಲ್ಲ. ಒಮ್ಮೆ ಕಟ್ಟಿದುದನ್ನು ತಿದ್ದಲು ಬರುವುದಿಲ್ಲ. ತಿದ್ದುಪಡಿ ಬೇಕಾದರೆ ತಿದ್ದಿದ ಹೊಸ ಪ್ರತಿಯನ್ನು ಮಾಡಿಸಬೇಕು, ಮೂಲ ಹಾಗೆಯೇ ಉಳಿಯುತ್ತದೆ. ಕಲ್ಲಿನ ದಾನಶಾಸನಗಳನ್ನು ಓದಿ ಬೆಳೆದ ನನಗೆ ಈ ನಿಯಮ ಬಹಳ ಹಿಡಿಸಿತು.

“ಇದು ವಿಭಕ್ತಿಯಲ್ಲವೇನೋ!” ಎಂದೆ. ಕನ್ನಡದಲ್ಲಿ ‘ತಾಯಿಯು ಮಗನನ್ನು ನೆನೆದಳು’ ಎಂದರೂ ‘ಮಗನನ್ನು ತಾಯಿಯು ನೆನೆದಳು’ ಎಂದರೂ ನೆನೆದವರು ಯಾರೆಂಬುದು ಕೆಡುವುದಿಲ್ಲ. ಪ್ರತ್ಯಯವೇ ಪದದ ಪಾತ್ರವನ್ನು ಸಾರುತ್ತದೆ. ಇಂಗ್ಲಿಷಿನಲ್ಲಿ ನಾಮಪದಗಳನ್ನು ಅದಲುಬದಲು ಮಾಡಿದರೆ ಕರ್ತೃವೇ ಕರ್ಮವಾಗುತ್ತಾನೆ. ಕನ್ನಡದಲ್ಲಿಯೂ ಆಡುಮಾತಿನಲ್ಲಿ ದ್ವಿತೀಯೆ ಲೋಪವಾಗಿ ‘ಹಾವು ಕಪ್ಪೆ ನುಂಗಿತು’ ಎಂದಾಗ ಮತ್ತೆ ಸ್ಥಾನವನ್ನೇ ನೆಚ್ಚಬೇಕಾಗುತ್ತದೆ. ನಾನು ವಹಿಯನ್ನು ಓದಿದ್ದು ಅಂಥ ಲುಪ್ತವಿಭಕ್ತಿಯ ಓದು. ಮನೆಗಳಿಗೆ ಕನ್ನಡದಲ್ಲಿಯೇ ಹೆಸರಿಡಬಹುದೇ ಎಂದು ಕೇಳಿದೆ. ಪೈಥಾನಿನ ೩ನೆಯ ಆವೃತ್ತಿಯಿಂದ ಇಡಬಹುದೆಂದು ಹೇಳಿ, ನನ್ನೆದುರಿಗೇ ದಾನಿ, ಸ್ಮರಣೆ, ಊರು, ವರ್ಷ, ಮೊತ್ತ ಎಂದು ಬರೆದು ತೋರಿಸಿದ. ಯಂತ್ರ ತಕರಾರಿಲ್ಲದೆ ಒಪ್ಪಿತು. ಆ ಸಂತೋಷವನ್ನು ಮುಚ್ಚಿಡಲಾರೆ.

ಆದರೆ ಶಿಷ್ಯ ಪ್ರಾಮಾಣಿಕ, ಕೊರತೆಗಳನ್ನೂ ಹೇಳಿದ. ಹೆಸರಿದ್ದರೂ ತುಂಬುವಾಗ ಬರಿಯ ಕ್ರಮದಿಂದ ತುಂಬಿದರೆ ಯಂತ್ರ ತಡೆಯುವುದಿಲ್ಲ; ದಾನಿಯ ಮನೆಯಲ್ಲಿ ಲಿಂಗೈಕ್ಯರನ್ನು ಕೂರಿಸಿದರೂ ಸುಮ್ಮನಿರುತ್ತದೆ. ತುಂಬುವಾಗಲೂ ಮನೆಯ ಹೆಸರು ಹಿಡಿದೇ ತುಂಬಬೇಕು. ಎರಡನೆಯದನ್ನು ಪ್ರಯೋಗ ಮಾಡಿಯೇ ತೋರಿಸಿದ. ಹಳೆಯ ವಹಿಯ ಕ್ರಮದಲ್ಲಿ ಒಂದು ಬಗೆ, ಹೊಸದರ ಕ್ರಮದಲ್ಲಿ ಇನ್ನೊಂದು ಬಗೆ ಮಾಡಿ, ಅವೇ ಪದಗಳನ್ನು ಅದೇ ಕ್ರಮದಲ್ಲಿ ಎರಡರಲ್ಲಿಯೂ ತುಂಬಿ, ಇವೆರಡೂ ಸಮವೇ ಎಂದು ಕೇಳಿದ. ಸಮವೆಂದಿತು! ಒಂದರಲ್ಲಿ ತಾಯಿ ದಾನಿ, ಇನ್ನೊಂದರಲ್ಲಿ ತಾಯಿ ಲಿಂಗೈಕ್ಯೆ. ಹೋಲಿಸುವಾಗ ಅದು ಹೆಸರುಗಳನ್ನು ನೋಡದೆ ಸ್ಥಾನಗಳನ್ನಷ್ಟೇ ನೋಡುತ್ತದೆ. ನಾಮ ಬಂದರೂ ಹಳೆಯ ಟ್ಯೂಪಲ್ಲಿನ ರಕ್ತ ಹೋಗಿಲ್ಲ. ೨೦೧೮ರಲ್ಲಿ ಬಂದ ಡೇಟಾಕ್ಲಾಸ್ ಎಂಬ ರಚನೆ ತಾನಾಗಿ ಇಂಥ ಸಮತೆಯನ್ನು ಒಪ್ಪುವುದಿಲ್ಲವೆಂದು ಈಚೆಗೆ ಫೋನಿನಲ್ಲಿ ತಿಳಿಸಿದ. ಅದರಲ್ಲಿ ವರ್ಗ ಬೇರೆಯಾದರೆ ವಸ್ತು ಬೇರೆ.

ಆ ದೀಪಾವಳಿಯ ನಾಲ್ಕು ದಿನ ನಾವಿಬ್ಬರೂ ಪಟ್ಟಿಯನ್ನು ಮೊದಲಿನಿಂದ ತುಂಬಿದೆವು. ಈ ಬಾರಿ ನಾನು ‘ದಾನಿ ಇಂಥವರು, ಸ್ಮರಣೆ ಇಂಥವರದು’ ಎಂದು ಮನೆಯ ಹೆಸರು ಹೇಳಿಯೇ ಓದಿದೆ. ಬೇಗನೆ ಗಂಟಲು ಕಟ್ಟಿತು, ಕೆಲಸ ಇಮ್ಮಡಿಯಾಯಿತು. ತಾಯಿಯವರಿಗೆ ಸರಿಯಾದ ಪತ್ರವನ್ನು ಮುಖ್ಯೋಪಾಧ್ಯಾಯರೊಡನೆ ಮನೆಗೇ ಹೋಗಿ ಒಪ್ಪಿಸಿದೆವು. ಅವರು ಅದನ್ನು ಓದಿಸಿಕೇಳಲಿಲ್ಲ. ಮಗನ ಹೆಸರು ಎಲ್ಲಿದೆಯೆಂದು ಕೇಳಿ ಅಲ್ಲಿ ಬೆರಳಿಟ್ಟರು.

ಹಳೆಯ ವಹಿಯಲ್ಲಿ ಇನ್ನೊಂದು ತೊಡಕು ಉಳಿದಿದೆ. ನಡುವಿನ ಎರಡು ಹಾಳೆಗಳನ್ನು ಬೇರೆ ಕೈ ಬರೆದಿದೆ, ತಲೆಬರಹವಿಲ್ಲ. ಆ ಹಾಳೆಗಳ ಹನ್ನೊಂದು ದತ್ತಿಗಳಲ್ಲಿ ಎರಡೆರಡು ಹೆಸರುಗಳಿವೆ, ಕೊಟ್ಟವರಾರು ಹೋದವರಾರು ಎಂಬುದು ತಿಳಿಯದು. ಗಣಕದ ಪಟ್ಟಿಯಲ್ಲಿ ಅವುಗಳ ದಾನಿ ಮತ್ತು ಸ್ಮರಣೆಯ ಮನೆಗಳನ್ನು ಖಾಲಿ ಬಿಟ್ಟಿದ್ದೇವೆ. ಆ ಹಾಳೆಗಳ ನಕಲನ್ನು ಕಾರ್ಯಾಲಯದ ಗೋಡೆಗೆ ಹಚ್ಚಿದೆ. ೧೯೭೦ರಿಂದ ೧೯೭೫ರವರೆಗೆ ಇಲ್ಲಿ ಓದಿದವರು ಶಾಲೆಗೆ ಬಂದಾಗ ದಯವಿಟ್ಟು ಅದನ್ನೊಮ್ಮೆ ನೋಡಿ, ಗೊತ್ತಿದ್ದುದನ್ನು ನನಗೆ ಹೇಳಬೇಕೆಂದು ಪ್ರಾರ್ಥಿಸುತ್ತೇನೆ.